‘ಹೇರು’ ಮತ್ತು ‘ಹೊರೆ’: ಅತಿಭಾರವನ್ನು ಹೇಳುವ ಮಾತುಗಳ ವಿಮರ್ಶೆ

1

ಶಕ್ತಿಗೆ ಮೀರಿದ ಭಾರವನ್ನು ಹೊತ್ತಿರುವ ಸ್ಥಿತಿಯನ್ನು ಹೇಳಲು ಕನ್ನಡದಲ್ಲಿ ಮಾತುಗಳಿಗೆ ಕೊರತೆಯಿಲ್ಲ. ಹೊರೆ, ಹೇರು, ಭಾರ, ಅತಿಭಾರ, ಮಣಭಾರ ಎಂಬಿವು ಹಳೆಯವು. ‘ಓವರ್‌ಲೋಡ್’ ಎಂಬುದು ಈಚೆಗೆ ಬಂದು ನೆಲೆಸಿದುದು. ನಿಘಂಟುಗಳಲ್ಲಿ ಹೊರೆಗೂ ಹೇರಿಗೂ ‘ಭಾರ’ ಎಂಬ ಅರ್ಥವೇ ಮೊದಲು ಕಣ್ಣಿಗೆ ಬೀಳುತ್ತದೆ. ಇದರಿಂದ ಈ ಎರಡು ಮಾತುಗಳೂ ಒಂದರ ಸ್ಥಾನದಲ್ಲಿ ಇನ್ನೊಂದು ನಿಲ್ಲಬಲ್ಲ ಪರ್ಯಾಯಗಳೆಂಬ ಭಾವನೆ ಹುಟ್ಟುವುದು ಸಹಜ. ಹಾಗಲ್ಲವೆಂದು ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ‘ಹೊರೆ’ ಎಂಬುದು ಹೊತ್ತವನ ಕಡೆಯಿಂದ ಹುಟ್ಟಿದ ಮಾತು. ‘ಹೇರು’ ಎಂಬುದು ಹೊರಿಸಿದವನ ಕಡೆಗೆ ಬೆರಳು ತೋರಿಸುವ ಮಾತು. ಈ ಭೇದವನ್ನು ಮರೆತರೆ ಭಾರ ಉಳಿಯುತ್ತದೆ, ಅದನ್ನು ಇಟ್ಟವನು ವಾಕ್ಯದಿಂದ ಮರೆಯಾಗುತ್ತಾನೆ. ಇತಿಹಾಸವನ್ನು ಬರೆಯುವವರಿಗೂ ಸಾರ್ವಜನಿಕ ವಿಷಯಗಳನ್ನು ಕುರಿತು ಬರೆಯುವವರಿಗೂ ಇದು ಸಣ್ಣ ನಷ್ಟವಲ್ಲ.

ಬಳಕೆಯ ಉದಾಹರಣೆಗಳನ್ನು ನಾವು ಬಹುಮಟ್ಟಿಗೆ ಬೆಂಗಳೂರಿನ ಎನ್.ಆರ್. ಕಾಲೋನಿ ಮತ್ತು ಅದರ ನೆರೆಯ ಬಸವನಗುಡಿ, ಚಾಮರಾಜಪೇಟೆಗಳ ದಿನಬಳಕೆಯ ಮಾತಿನಿಂದ ಆರಿಸಿಕೊಂಡಿದ್ದೇವೆ. ಎನ್.ಆರ್. ಕಾಲೋನಿಯಲ್ಲಿ ಬಿ.ಎಂ.ಶ್ರೀ. ಪ್ರತಿಷ್ಠಾನವಿದೆ, ಚಾಮರಾಜಪೇಟೆಯಲ್ಲಿ 1915ರಲ್ಲಿ ಸ್ಥಾಪಿತವಾದ ಸಾಹಿತ್ಯ ಪರಿಷತ್ತಿದೆ. ಗ್ರಂಥಗಳ ಕನ್ನಡ ಬೆಳೆದ ಈ ಪ್ರದೇಶದಲ್ಲಿಯೇ ಗಾಂಧಿಬಜಾರಿನ ಹೂವಿನವರ, ತರಕಾರಿಯವರ, ಮೂಟೆ ಇಳಿಸುವವರ ಕನ್ನಡವೂ ದಿನವಿಡೀ ಕೇಳಿಬರುತ್ತದೆ. ಪದಗಳ ನಡೆಯನ್ನು ಪರೀಕ್ಷಿಸುವವನಿಗೆ ಎರಡೂ ಬೇಕು.

2

ಮೊದಲು ರೂಪವನ್ನು ನೋಡೋಣ. ‘ಹೊರು’ ಎಂಬುದರ ಹಳಗನ್ನಡ ರೂಪ ‘ಪೊಱು’. ‘ಹೇರು’ ಎಂಬುದರದು ‘ಪೇಱು’. ಪಕಾರವು ಹಕಾರವಾಗಿ, ಶಕಟರೇಫವು ಸಾಮಾನ್ಯ ರೇಫದಲ್ಲಿ ಲೀನವಾಗಿ ಇಂದಿನ ರೂಪಗಳು ಬಂದಿವೆ. ತಮಿಳಿನಲ್ಲಿ ಪೊಱು ಎಂಬ ಧಾತುವಿನಿಂದಲೇ ತಾಳ್ಮೆಯನ್ನು ಹೇಳುವ ‘ಪೊಱುಮೈ’, ಜವಾಬ್ದಾರಿಯನ್ನು ಹೇಳುವ ‘ಪೊಱುಪ್ಪು’ ಎಂಬ ಮಾತುಗಳು ಹುಟ್ಟಿವೆ. ಹೊರುವುದೆಂದರೆ ಬರಿಯ ತೂಕದ ವಿಷಯವಲ್ಲ, ತಾಳಿಕೊಳ್ಳುವುದು, ವಹಿಸಿಕೊಳ್ಳುವುದು ಎಂಬ ಭಾವ ಈ ಧಾತುವಿನಲ್ಲಿ ಅಡಗಿದೆಯೆಂಬುದಕ್ಕೆ ಇದು ಸಾಕ್ಷಿ.

ಕನ್ನಡದಲ್ಲಿಯೂ ಹೊರುವುದಕ್ಕೆ ಗೌರವವುಂಟು. ಹರಕೆಯನ್ನು ಹೊರುತ್ತಾರೆ; ಹೊಣೆಯನ್ನು ಹೊರುತ್ತಾರೆ; ಚೈತ್ರದ ಹುಣ್ಣಿಮೆಯ ರಾತ್ರಿ ಬೆಂಗಳೂರು ಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಕರಗವನ್ನು ಹೊತ್ತು ತರುತ್ತಾರೆ. ತಾಯಿಯನ್ನು ‘ಹೊತ್ತು ಹೆತ್ತವಳು’ ಎನ್ನುತ್ತೇವೆ. ಈ ಯಾವ ಸ್ಥಳದಲ್ಲಿಯೂ ‘ಹೇರು’ ಎಂಬ ಮಾತನ್ನು ತಂದು ಕೂರಿಸಲಾಗದು. ಕರಗವನ್ನು ಹೇರಿದರು, ಹರಕೆಯನ್ನು ಹೇರಿಕೊಂಡಳು ಎಂದರೆ ಕನ್ನಡ ಬಲ್ಲ ಯಾರಿಗಾದರೂ ಕಿವಿಗೆ ಒಡನೆಯೇ ಒಗರಾಗುತ್ತದೆ.

ಹೇರುವ ಕ್ರಿಯೆಗೆ ಸಹಜವಾದ ಆಧಾರ ಬಂಡಿ, ಎತ್ತು, ಕತ್ತೆ, ಇಂದಿನ ಲಾರಿ. ಬಂಡಿಗೆ ಹುಲ್ಲು ಹೇರಿದರೆ ಅದರಲ್ಲಿ ದೋಷವೇನೂ ಇಲ್ಲ. ಬೆನ್ನಿನ ಮೇಲೆ ಸರಕು ಸಾಗಿಸುವ ಎತ್ತಿಗೆ ‘ಹೇರೆತ್ತು’ ಎಂಬ ಹೆಸರೇ ಇತ್ತು. ಅದೇ ಕ್ರಿಯೆಯ ಗುರಿ ಮನುಷ್ಯನಾದಾಗ ಅರ್ಥ ಬದಲಾಗುತ್ತದೆ. ತೆರಿಗೆ ಹೇರಿದರು, ದಂಡ ಹೇರಿದರು, ನಿರ್ಬಂಧ ಹೇರಿದರು, ಭಾಷೆಯನ್ನು ಹೇರಿದರು ಎಂಬ ವಾಕ್ಯಗಳಲ್ಲೆಲ್ಲ ಒಂದು ದೂರು ಇದೆ: ಕೇಳದೆ, ಒಪ್ಪಿಗೆಯಿಲ್ಲದೆ, ಮನುಷ್ಯನನ್ನು ಬಂಡಿಯಂತೆ ಅಥವಾ ಎತ್ತಿನಂತೆ ಕಂಡು ಭಾರವಿಟ್ಟರು ಎಂಬುದೇ ಆ ದೂರು. 1975ರ ಜೂನ್ ತಿಂಗಳಲ್ಲಿ ತುರ್ತುಪರಿಸ್ಥಿತಿಯನ್ನು ‘ಘೋಷಿಸಲಾಯಿತು’ ಎಂದು ಬರೆಯುವ ಲೇಖಕನೂ ‘ಹೇರಲಾಯಿತು’ ಎಂದು ಬರೆಯುವ ಲೇಖಕನೂ ಒಂದೇ ಘಟನೆಯನ್ನು ಹೇಳುತ್ತಾರೆ. ಒಂದೇ ತೀರ್ಪನ್ನು ಹೇಳುವುದಿಲ್ಲ.

ಇಲ್ಲಿ ಒಂದು ಶಂಕೆ ಏಳಬಹುದು. ‘ಇಲ್ಲದ ಕೆಲಸವನ್ನೆಲ್ಲ ತಲೆಯ ಮೇಲೆ ಹೇರಿಕೊಂಡಿದ್ದಾನೆ’ ಎಂಬ ಮಾತು ಬಳಕೆಯಲ್ಲಿದೆಯಲ್ಲ, ಅಲ್ಲಿ ಹೇರಿದವನೂ ಹೊತ್ತವನೂ ಒಬ್ಬನೇ ಅಲ್ಲವೆ? ಹೌದು, ಆದರೆ ಆ ಮಾತನ್ನು ಹೊಗಳಿಕೆಯಾಗಿ ಯಾರೂ ಆಡುವುದಿಲ್ಲ. ತನ್ನನ್ನು ತಾನೇ ಹೇರೆತ್ತು ಮಾಡಿಕೊಂಡನೆಂಬ ಆಕ್ಷೇಪ ಅದರಲ್ಲಿದೆ. ಹೊಗಳಬೇಕಾದರೆ ‘ಮನೆಯ ಭಾರವನ್ನೆಲ್ಲ ಅವಳೇ ಹೊತ್ತಳು’ ಎನ್ನುತ್ತೇವೆ. ಅಪವಾದದಂತೆ ಕಾಣುವುದು ನಿಯಮವನ್ನೇ ಗಟ್ಟಿಗೊಳಿಸುತ್ತದೆ.

3

ಇತಿಹಾಸದ ವಿದ್ಯಾರ್ಥಿಗೆ ‘ಹೇರು’ ಎಂಬ ಮಾತು ಮೊದಲು ಎದುರಾಗುವುದು ಶಾಸನಗಳಲ್ಲಿ. ದೇವಾಲಯಗಳಿಗೆ ಸುಂಕದ ಆದಾಯವನ್ನು ಬಿಟ್ಟುಕೊಟ್ಟ ದಾನಶಾಸನಗಳಲ್ಲಿ ಸರಕಿನ ಮೇಲಿನ ತೆರೆಯನ್ನು ಹಲವೆಡೆ ಹೊರೆಯ ಲೆಕ್ಕದಲ್ಲಿ ಹೇಳಿದೆ. ಬಂಡಿಗೆ ಇಷ್ಟು, ಎತ್ತಿನ ಹೇರಿಗೆ ಇಷ್ಟು, ಕತ್ತೆಯ ಹೇರಿಗೆ ಇಷ್ಟು, ತಲೆಹೊರೆಗೆ ಇಷ್ಟು ಎಂಬುದು ಅಲ್ಲಿಯ ಕ್ರಮ. ವೀಳ್ಯದೆಲೆ, ಅಡಕೆ, ಮೆಣಸು, ಉಪ್ಪು, ಧಾನ್ಯ ಮುಂತಾದವಕ್ಕೆಲ್ಲ ಇದೇ ಬಗೆಯ ಎಣಿಕೆ. ಪ್ರಾಣಿಯ ಬೆನ್ನ ಮೇಲಿನದು ಹೇರು, ಮನುಷ್ಯನ ತಲೆಯ ಮೇಲಿನದು ಹೊರೆ ಎಂಬ ಭೇದ ಈ ಎಣಿಕೆಯಲ್ಲಿಯೇ ಎದ್ದು ಕಾಣುತ್ತದೆ.

ಈ ಪದ್ಧತಿಯಿಂದ ಒಂದು ಊಹೆಗೆ ಎಡೆಯಿದೆ. ಸುಂಕವು ತೂಕದ ಮೇಲೆ ನಿಲ್ಲದೆ ಹೇರಿನ ಮೇಲೆ ನಿಂತಿದ್ದಲ್ಲಿ, ಒಂದು ಹೇರಿನಲ್ಲಿ ಎಷ್ಟು ಹೆಚ್ಚು ತುಂಬಿದರೆ ವರ್ತಕನಿಗೆ ಅಷ್ಟು ಲಾಭ. ಸುಂಕದವನಿಗೆ ಸಲ್ಲಬೇಕಾದುದು ಒಂದೇ. ವ್ಯತ್ಯಾಸವನ್ನು ತೆರುವುದು ಎತ್ತಿನ ಬೆನ್ನು. ಎಣಿಕೆಯ ಘಟಕವೇ ಅತಿಭಾರಕ್ಕೆ ಪ್ರೇರಣೆಯಾಗಬಲ್ಲುದೆಂಬ ಈ ನಿಯಮವು ಶಾಸನಗಳ ಕಾಲಕ್ಕೆ ಮಾತ್ರ ಸಲ್ಲುವುದಲ್ಲ. ಟ್ರಿಪ್ಪಿನ ಲೆಕ್ಕದಲ್ಲಿ ಬಾಡಿಗೆ ಕೊಡುವ ಮರಳು ಲಾರಿಯ ವಿಷಯದಲ್ಲಿಯೂ, ಮೂಟೆಯ ಲೆಕ್ಕದಲ್ಲಿ ಕೂಲಿ ಪಡೆಯುವ ಹಮಾಲಿಯ ವಿಷಯದಲ್ಲಿಯೂ ಅದು ಹಾಗೆಯೇ ನಡೆಯುತ್ತದೆ.

ಸುಂಕದ ಪರಿಭಾಷೆಯಿಂದ ದಿನಬಳಕೆಗೆ ಇಳಿದ ಮಾತು ಇದೊಂದೇ ಅಲ್ಲ. ಶಾಸನಗಳಲ್ಲಿ ‘ಹೆಜ್ಜುಂಕ’ ದೊಡ್ಡ ಸುಂಕವಾದರೆ ‘ಕಿರುಕುಳ’ ಸಣ್ಣಪುಟ್ಟ ಸರಕುಗಳ ಸುಂಕ. ಇಂದು ಕಿರುಕುಳವೆಂದರೆ ಪೀಡೆ. ಸಂಸ್ಕೃತದ ವಿಷ್ಟಿಯಿಂದ ಬಂದ ‘ಬಿಟ್ಟಿ’ ಎಂದರೆ ಕೂಲಿ ಕೊಡದೆ ಮಾಡಿಸಿಕೊಳ್ಳುವ ಕಡ್ಡಾಯದ ದುಡಿಮೆ. ಇಂದು ಬಿಟ್ಟಿಯೆಂದರೆ ಪುಕ್ಕಟೆ. ಈ ಬದಲಾವಣೆಗಳ ದಿಕ್ಕು ವಿಚಾರಾರ್ಹವಾಗಿದೆ. ‘ಬಿಟ್ಟಿ’ಯಲ್ಲಿ ಉಳಿದಿರುವುದು ಪಡೆದವನ ದೃಷ್ಟಿ: ಅವನಿಗೆ ಅದು ಪುಕ್ಕಟೆ. ‘ಕಿರುಕುಳ’ದಲ್ಲಿಯೂ ‘ಹೇರಿಕೆ’ಯಲ್ಲಿಯೂ ಕೇಳಿಸುವುದು ತೆತ್ತವನ ದನಿ. ಆಳಿದವರ ದಾಖಲೆಗಳಲ್ಲಿ ಸಿಕ್ಕದ ಅಭಿಪ್ರಾಯ ಹೀಗೆ ಆಳಿಸಿಕೊಂಡವರ ಮಾತಿನಲ್ಲಿ ಉಳಿದುಬರುವುದುಂಟು. ಬಸವನಗುಡಿಯ ನೆರೆಯ ಹಳೆಯ ಹಳ್ಳಿ ಸುಂಕೇನಹಳ್ಳಿ. ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ. ಹೆಸರುಗಳಿಂದ ಚರಿತ್ರೆಯನ್ನು ಕಟ್ಟಲು ನಾವು ಹೊರಡುವುದಿಲ್ಲವಾದರೂ ಈ ಮಾತುಗಳ ನೆರೆಯಲ್ಲಿಯೇ ನಾವು ವಾಸಿಸುತ್ತಿದ್ದೇವೆಂಬುದನ್ನು ನೆನೆಯಬಹುದು.

ಹೇರೆತ್ತುಗಳ ಪ್ರಾಮುಖ್ಯವನ್ನು ಬೆಂಗಳೂರಿನ ಇತಿಹಾಸವೂ ತೋರಿಸುತ್ತದೆ. 1791ರ ಮಾರ್ಚಿಯಲ್ಲಿ ಈ ಊರಿನ ಕೋಟೆಯನ್ನು ಹಿಡಿದ ಕಾರ್ನ್‌ವಾಲಿಸನು ಅದೇ ವರ್ಷ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಳಿಯವರೆಗೆ ಹೋಗಿ ಹಿಂದಿರುಗಬೇಕಾಯಿತು. ಮೇವಿಲ್ಲದೆಯೂ ರೋಗದಿಂದಲೂ ಎತ್ತುಗಳು ಸತ್ತು, ಮುತ್ತಿಗೆಯ ಭಾರಿ ಫಿರಂಗಿಗಳನ್ನು ಎಳೆಸಲಾರದೆ ಅವನ್ನು ತಾನೇ ಒಡೆಸಿ ಹಾಕಬೇಕಾಯಿತು. ಮುಂದೆ ಅವನ ಸೈನ್ಯಕ್ಕೆ ಧಾನ್ಯವನ್ನು ಒದಗಿಸಿದವರಲ್ಲಿ ಹೇರೆತ್ತುಗಳ ಹಿಂಡನ್ನು ನಡೆಸುತ್ತಿದ್ದ ಬಂಜಾರರು ಪ್ರಮುಖರು. ಈ ಯುದ್ಧದ ಕಥನದಲ್ಲಿ ಸೇನಾಪತಿಗಳ ಹೆಸರುಗಳಿಗಿರುವ ಸ್ಥಳ ಹೊತ್ತವರಿಗೂ ಹೇರಿಸಿಕೊಂಡ ಪ್ರಾಣಿಗಳಿಗೂ ದೊರೆತಿಲ್ಲ.

4

ಅತಿಭಾರಕ್ಕೆ ಸಂಬಂಧಿಸಿದ ಎಲ್ಲ ಮಾತುಗಳಲ್ಲಿ ಅತ್ಯಂತ ಖಚಿತವಾದುದು ಜೈನಾಚಾರದ ಪರಿಭಾಷೆಯಲ್ಲಿದೆ: ‘ಅತಿಭಾರಾರೋಪಣ’. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಗೃಹಸ್ಥನ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಅನ್ನಪಾನಗಳನ್ನು ತಡೆಯುವುದು ಎಂಬ ನಾಲ್ಕರ ಸಾಲಿನಲ್ಲಿಯೇ ಅತಿಭಾರವನ್ನು ಹೊರಿಸುವುದೂ ನಿಂತಿದೆ. ಈ ಸೂತ್ರಗಳಿಗೆ ಸರ್ವಾರ್ಥಸಿದ್ಧಿಯೆಂಬ ವ್ಯಾಖ್ಯಾನವನ್ನು ಬರೆದ ಪೂಜ್ಯಪಾದರನ್ನು ಪರಂಪರೆಯು ಕರ್ನಾಟಕದವರೆಂದು ಹೇಳುತ್ತದೆ. ನ್ಯಾಯವಾದ ಭಾರಕ್ಕಿಂತ ಹೆಚ್ಚನ್ನು ಹೊರಿಸುವುದೇ ಅತಿಭಾರಾರೋಪಣವೆಂಬುದು ಅವರ ವಿವರಣೆಯ ಸಾರ.

ಇಲ್ಲಿ ಮೂರು ಅಂಶಗಳು ಗಮನಾರ್ಹ. ಮೊದಲನೆಯದಾಗಿ, ದೋಷವು ಭಾರದಲ್ಲಿಲ್ಲ, ಆರೋಪಣದಲ್ಲಿದೆ. ಎಂದರೆ ಹೇರುವ ಕ್ರಿಯೆಯಲ್ಲಿದೆ. ಎರಡನೆಯದಾಗಿ, ‘ಅತಿ’ ಎಂಬುದನ್ನು ಅಳೆಯುವ ಮಾನದಂಡ ಹೊರುವವನ ಕುಸಿತವಲ್ಲ. ಅದಕ್ಕೆ ಮುಂಚೆಯೇ ಇರುವ ‘ನ್ಯಾಯವಾದ ಭಾರ’. ಎತ್ತು ಬೀಳಲಿಲ್ಲವೆಂಬುದು ಹೇರಿದವನಿಗೆ ಸಮರ್ಥನೆಯಾಗಲಾರದು. ಮೂರನೆಯದಾಗಿ, ಈ ವ್ರತವನ್ನು ಉಪದೇಶಿಸಿದುದು ಶ್ರಾವಕರಿಗೆ. ವ್ಯಾಪಾರದಲ್ಲಿ ತೊಡಗಿದ್ದವರು, ಎತ್ತುಗಳನ್ನೂ ಆಳುಗಳನ್ನೂ ಇಟ್ಟುಕೊಂಡಿದ್ದವರು ಅವರಲ್ಲಿ ಅನೇಕರು. ಗಂಗರ ಸೇನಾಪತಿಯಾಗಿದ್ದು ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನು ಆಚಾರವನ್ನು ಕುರಿತು ಚಾರಿತ್ರಸಾರವೆಂಬ ಸಂಸ್ಕೃತ ಗ್ರಂಥವನ್ನು ಬರೆದನೆಂಬುದನ್ನು ನೆನೆದರೆ, ಇಂಥ ವಿಚಾರಗಳು ಮಠದ ಗೋಡೆಗಳೊಳಗೆ ಮಾತ್ರ ಇದ್ದುವೆಂದು ಹೇಳಲಾಗದು.

ಆರೋಪಣಕ್ಕೆ ಸಂಬಂಧಿಸಿದ ‘ಆರೋಪ’ ಎಂಬ ಮಾತಿನ ಗತಿಯೂ ಸ್ವಾರಸ್ಯವಾಗಿದೆ. ಮೇಲಕ್ಕೆ ಏರಿಸಿ ಇಡುವುದು ಎಂಬ ಅರ್ಥದ ಈ ಮಾತು ಕನ್ನಡದಲ್ಲಿ ದೋಷವನ್ನು ಒಬ್ಬರ ಮೇಲಿಡುವುದಕ್ಕೆ ನಿಂತಿದೆ. ಅದಕ್ಕೆ ನಾವು ಸೇರಿಸುವ ಕ್ರಿಯಾಪದ ‘ಹೊರಿಸು’. ತಪ್ಪೂ ಒಂದು ಹೊರೆಯೇ, ಅದನ್ನು ಹೊರಿಸುವವನೊಬ್ಬ ಇದ್ದೇ ಇರುತ್ತಾನೆ ಎಂಬ ತಿಳಿವು ಇಲ್ಲಿ ಕೆಲಸಮಾಡಿದೆ.

5

ಇನ್ನು ಇಂದಿನ ಆಡುಮಾತಿಗೆ ಬರೋಣ. ಎನ್.ಆರ್. ಕಾಲೋನಿಯ ಮನೆಗಳಲ್ಲಿ ಎತ್ತಲಾಗದ ಚೀಲವನ್ನು ಕಂಡಾಗ ಬರುವ ಉದ್ಗಾರ ‘ಏನು ಮಣಭಾರ!’ ಎಂಬುದು. ಮಣವೆಂಬ ತೂಕ ವ್ಯವಹಾರದಿಂದ ಹೋಗಿ ಬಹುಕಾಲವಾಯಿತು. 1956ರ ತೂಕ ಮತ್ತು ಅಳತೆಗಳ ಕಾಯಿದೆಯ ತರುವಾಯ, 1958ರಿಂದ ಮೊದಲುಗೊಂಡು ಕಿಲೋಗ್ರಾಂ ಜಾರಿಗೆ ಬಂತು. ಅದಕ್ಕೆ ಮುಂಚೆಯೂ ಮಣ ಎಲ್ಲೆಡೆ ಒಂದೇ ಆಗಿರಲಿಲ್ಲ. ಬ್ರಿಟಿಷ್ ಇಂಡಿಯದ ಪ್ರಮಾಣದ ಮಣ 40 ಸೇರು, ಎಂದರೆ 37 ಕಿಲೋಗ್ರಾಂಗಿಂತ ತುಸು ಹೆಚ್ಚು. ಮದ್ರಾಸಿನ ಮಣ 25 ಪೌಂಡು, ಎಂದರೆ ಸುಮಾರು 11 ಕಿಲೋಗ್ರಾಂ. ಮಾನ ಅಳಿದು ಮಾತು ಉಳಿಯಿತು. ಕಡಲೆಕಾಯಿ ಪರಿಷೆಯಲ್ಲಿ ಸೇರು ಇಂದಿಗೂ ಅಳೆಯುವ ಪಾತ್ರೆಯಾಗಿ ಕಾಣಿಸುತ್ತದೆ. ಮಣಕ್ಕಾದರೋ ಅಳತೆಯ ಕೆಲಸ ಹೋಗಿ, ‘ಹೊರಲಾಗದು’ ಎಂಬ ಅನುಭವವನ್ನು ಹೇಳುವ ಕೆಲಸವೊಂದೇ ಉಳಿದಿದೆ. ಮಣಭಾರಕ್ಕೆ ಅಂಕಿಯಿಲ್ಲ, ಎತ್ತಿದವನ ತೋಳೇ ಅದರ ತಕ್ಕಡಿ.

‘ಹಮಾಲಿ’ ಎಂಬುದು ಹೊರು ಎಂಬರ್ಥದ ಅರಬ್ಬಿ ಧಾತುವಿನಿಂದ ಬಂದ ಮಾತು. ತರಗುಪೇಟೆಯಲ್ಲಿ, ಯಶವಂತಪುರದ ಮಾರುಕಟ್ಟೆಯ ಪ್ರಾಂಗಣದಲ್ಲಿ ಇದು ದುಡಿಯುವವನ ಹೆಸರೂ ಹೌದು, ದುಡಿಮೆಗೆ ಕೊಡುವ ಹಣದ ಹೆಸರೂ ಹೌದು. ಹೊರುವವನೂ ಹೊರುವುದರ ಬೆಲೆಯೂ ಒಂದೇ ಮಾತಿನಲ್ಲಿ ಸೇರಿಹೋಗಿರುವುದು ಆಲೋಚಿಸತಕ್ಕ ಸಂಗತಿ. ಎತ್ತು ಕತ್ತೆಗಳ ವಿಷಯದಲ್ಲಿ 1965ರ ಕೇಂದ್ರ ನಿಯಮಗಳು ಬೆನ್ನಹೊರೆಗೆ ಮಿತಿಯನ್ನು ಹಾಕಿವೆ: ಸಣ್ಣ ಎತ್ತಿಗೆ 100 ಕಿಲೋಗ್ರಾಂ, ಕತ್ತೆಗೆ 50. ಮನುಷ್ಯನ ವಿಷಯದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿ ಒಪ್ಪಂದವೊಂದನ್ನು ಅಂಗೀಕರಿಸಿ, ಜೊತೆಯ ಶಿಫಾರಸಿನಲ್ಲಿ ವಯಸ್ಕ ಗಂಡಸಿಗೆ 55 ಕಿಲೋಗ್ರಾಂ ಎಂದು ಸೂಚಿಸಿತು. ಸಿಮೆಂಟಿನ ಒಂದು ಚೀಲ 50 ಕಿಲೋಗ್ರಾಂ. ಕತ್ತೆಯ ಮಿತಿಗೂ ಮನುಷ್ಯನ ಮಿತಿಗೂ ನಡುವಣ ಅಂತರ ಇಷ್ಟೇ ಎಂಬುದನ್ನು ಓದುಗರು ಗಮನಿಸಬೇಕು.

ತಲೆಹೊರೆಯವನ ಕಷ್ಟವನ್ನು ಹಿಂದಿನವರು ಅರಿಯದವರಲ್ಲ. ಹಳೆಯ ದಾರಿಗಳ ಬದಿಯಲ್ಲಿ ಎರಡು ಕಲ್ಲುಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿಯನ್ನು ಆಳಿನ ಭುಜದೆತ್ತರಕ್ಕೆ ಹಾಸುತ್ತಿದ್ದರು. ನೆಲಕ್ಕಿಳಿಸಿದ ಹೊರೆಯನ್ನು ಒಬ್ಬನೇ ತಿರುಗಿ ತಲೆಗೇರಿಸಲಾರ. ಈ ಕಲ್ಲಿನ ಮೇಲೆ ಇಳಿಸಿದರೆ ಇನ್ನೊಬ್ಬರ ಕೈ ಬೇಕಾಗದು. ತಮಿಳಿನವರು ಇದನ್ನು ‘ಸುಮೈತಾಂಗಿ’ ಎನ್ನುತ್ತಾರೆ, ಮಲೆಯಾಳದವರು ‘ಚುಮಡುತಾಂಗಿ’ ಎನ್ನುತ್ತಾರೆ. ಗರ್ಭಿಣಿಯಾಗಿ ತೀರಿಕೊಂಡ ಹೆಂಗಸಿನ ಹೆಸರಿನಲ್ಲಿ ಇಂಥ ಕಲ್ಲನ್ನು ನಿಲ್ಲಿಸುವ ಪದ್ಧತಿ ತಮಿಳುನಾಡಿನಲ್ಲಿತ್ತು. ಇಳಿಸಲಾರದೆ ಹೋದ ಒಂದು ಹೊರೆಯ ನೆನಪಿಗೆ ಎಲ್ಲರ ಹೊರೆಯನ್ನು ಇಳಿಸುವ ಕಲ್ಲು!

‘ಓವರ್‌ಲೋಡ್’ ಎಂಬ ಮಾತನ್ನು ನಾವು ಅನ್ಯಭಾಷೆಯದೆಂಬ ಕಾರಣಕ್ಕೆ ನಿರಾಕರಿಸುವುದಿಲ್ಲ. ಟ್ರಾನ್ಸ್‌ಫಾರ್ಮರಿಗೆ, ಲಿಫ್ಟಿಗೆ, ಲಾರಿಗೆ ಅದು ಒಗ್ಗಿದೆ. ಆಕ್ಷೇಪವಿರುವುದು ಅದರ ಜೊತೆಗೆ ಬಂದ ಕ್ರಿಯಾಪದವನ್ನು ಕುರಿತು. ‘ಓವರ್‌ಲೋಡ್ ಆಗಿದೆ’ ಎನ್ನುತ್ತೇವೆ. ಯಾರೂ ಮಾಡಿದಂತೆ ತೋರುವುದಿಲ್ಲ, ಮಳೆಯಾದ ಹಾಗೆ ತಾನಾಗಿ ಆಗಿದೆ. ಕಾನೂನು ಈ ವಿಷಯದಲ್ಲಿ ನಮ್ಮ ಮಾತಿಗಿಂತ ಎಚ್ಚರವಾಗಿದೆ. 1988ರ ಮೋಟಾರು ವಾಹನ ಕಾಯಿದೆಯ 194ನೆಯ ಪ್ರಕರಣವು ಮಿತಿಮೀರಿದ ತೂಕದ ವಾಹನವನ್ನು ನಡೆಸಿದವನನ್ನು ಮಾತ್ರವಲ್ಲದೆ ನಡೆಸುವಂತೆ ಮಾಡಿದವನನ್ನೂ ಹೆಸರಿಸುತ್ತದೆ. 2019ರ ತಿದ್ದುಪಡಿ ಅದಕ್ಕೆ 20,000 ರೂಪಾಯಿಗಳ ದಂಡವನ್ನೂ ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿಗಳನ್ನೂ ಗೊತ್ತುಮಾಡಿತು. ಚಾಲಕನು ಮಾಲೀಕನಲ್ಲದಿದ್ದರೆ, ಅಪರಾಧ ಮಾಲೀಕನ ಅರಿವಿನಲ್ಲಿ ಅಥವಾ ಆಜ್ಞೆಯಂತೆ ನಡೆಯಿತೆಂದು ನ್ಯಾಯಾಲಯ ಭಾವಿಸಬಹುದೆಂದು 113ನೆಯ ಪ್ರಕರಣ ಹೇಳುತ್ತದೆ. ಹೊತ್ತವನನ್ನೂ ಹೇರಿದವನನ್ನೂ ಬೇರ್ಪಡಿಸಿ ನೋಡುವ ವಿವೇಕ ಇದೇ.

6

ಪದಭೇದವನ್ನು ಮರೆಯುವುದರಿಂದಾಗುವ ಹಾನಿಯನ್ನು ಶಾಲಾಮಕ್ಕಳ ಚೀಲದ ವಿಷಯದಲ್ಲಿ ಸ್ಪಷ್ಟವಾಗಿ ಕಾಣಬಹುದು. ಮೈಸೂರಿನಲ್ಲಿ ನೆಲೆಸಿದ್ದ ಆರ್.ಕೆ. ನಾರಾಯಣರು 1989ರಲ್ಲಿ ರಾಜ್ಯಸಭೆಯ ತಮ್ಮ ಮೊದಲ ಭಾಷಣವನ್ನು ಇದೇ ವಿಷಯಕ್ಕೆ ಮೀಸಲಿಟ್ಟರು. 1993ರಲ್ಲಿ ಯಶಪಾಲ್ ಸಮಿತಿಯು ಹೊರೆಯಿಲ್ಲದ ಕಲಿಕೆಯನ್ನು ಕುರಿತು ತನ್ನ ವರದಿಯನ್ನು ಸಲ್ಲಿಸಿತು. ಕರ್ನಾಟಕ ಸರ್ಕಾರವು 2019ರ ಸುತ್ತೋಲೆಯಲ್ಲಿ 1 ಮತ್ತು 2ನೆಯ ತರಗತಿಗಳಿಗೆ ಒಂದೂವರೆಯಿಂದ 2 ಕಿಲೋಗ್ರಾಂ, 9 ಮತ್ತು 10ನೆಯ ತರಗತಿಗಳಿಗೆ 4ರಿಂದ 5 ಕಿಲೋಗ್ರಾಂ ಎಂದು ಮಿತಿಯನ್ನು ಗೊತ್ತುಮಾಡಿತು. ಮದ್ರಾಸಿನ ಸಣ್ಣ ಮಣದ ಅರ್ಧಕ್ಕೂ ಇದು ಕಡಿಮೆ. ಹಾಗಿದ್ದರೂ ಮಗುವಿನ ಚೀಲವನ್ನು ಎತ್ತಿ ‘ಮಣಭಾರ’ ಎನ್ನುವ ತಾಯಿಯ ಮಾತು ಸುಳ್ಳಲ್ಲ. ಅವಳು ಅಳೆಯುತ್ತಿರುವುದು ಚೀಲವನ್ನಲ್ಲ, ಚೀಲಕ್ಕೂ ಆ ಬೆನ್ನಿಗೂ ಇರುವ ಪ್ರಮಾಣವನ್ನು.

ಈ ವಿಷಯದ ಮೇಲಿನ ಬರಹಗಳಲ್ಲಿ ಸಾಮಾನ್ಯವಾಗಿ ಕಾಣುವ ಪದಪುಂಜ ‘ಚೀಲದ ಹೊರೆ’. ಹೊರೆ ಇಳಿಸಬೇಕು, ಹೊರೆ ತಗ್ಗಬೇಕು ಎಂಬ ವಾಕ್ಯಗಳು ಒಳ್ಳೆಯವೇ. ಆದರೆ ‘ಹೊರೆ’ ಹೊತ್ತವನ ಕಡೆಯ ಮಾತಾದುದರಿಂದ ನಮ್ಮ ಗಮನವೂ ಮಗುವಿನ ಬೆನ್ನಿನ ಮೇಲೆಯೇ ನಿಲ್ಲುತ್ತದೆ: ಚೀಲಕ್ಕೆ ಅಗಲವಾದ ಪಟ್ಟಿ ಹಾಕಿಸಿ, ಗಾಲಿಯ ಚೀಲ ಕೊಡಿಸಿ ಎಂಬ ಉಪಾಯಗಳು ಹೊಳೆಯುತ್ತವೆ. ‘ಯಾರು ಹೇರಿದರು?’ ಎಂದು ಕೇಳಿದಾಗ ಮಾತ್ರ ವೇಳಾಪಟ್ಟಿ, ಪಠ್ಯಕ್ರಮ, ಹೆಚ್ಚುವರಿ ನೋಟುಪುಸ್ತಕ, ನೆರೆಮನೆಯ ಮಗುವಿಗಿಂತ ಮುಂದಾಗಬೇಕೆಂಬ ತಂದೆತಾಯಿಗಳ ಆತುರ ಎಲ್ಲವೂ ಒಂದೊಂದಾಗಿ ವಾಕ್ಯದ ಕರ್ತೃಸ್ಥಾನಕ್ಕೆ ಬಂದು ನಿಲ್ಲುತ್ತವೆ. ತೂಕದ ಹೊರೆಗಿಂತ ಅರ್ಥವಾಗದ ಪಾಠದ ಹೊರೆಯೇ ಹೆಚ್ಚು ಕೇಡಿನದೆಂದು ಯಶಪಾಲ್ ಸಮಿತಿ ತಿಳಿಸಿದುದು ಈ ಪ್ರಶ್ನೆಯನ್ನು ಕೇಳಿದುದರ ಫಲ. ಗಾಲಿಯ ಚೀಲ ಆ ಹೊರೆಯನ್ನು ಇಳಿಸಲಾರದು.

7

ನಮ್ಮ ನಿರ್ಣಯಕ್ಕೆ ಎರಡು ಆಕ್ಷೇಪಗಳು ಬರಬಹುದು. ಬಳಕೆಯೇ ಪ್ರಮಾಣವಾಗಿರುವಾಗ ಲೇಖಕರಿಗೆ ಇಂಥ ಕಟ್ಟಳೆಯೇಕೆ ಎಂಬುದು ಒಂದು. ಬಳಕೆಯನ್ನೇ ನಾವು ಆಧಾರವಾಗಿಟ್ಟುಕೊಂಡಿದ್ದೇವೆ. ಗಾಂಧಿಬಜಾರಿನಲ್ಲಿ ಮೂಟೆ ಹೊರುವವನು ಹೇರಿಗೂ ಹೊರೆಗೂ ಗೊಂದಲ ಮಾಡಿಕೊಳ್ಳುವುದಿಲ್ಲ. ಗೊಂದಲವಿರುವುದು ನಮ್ಮ ಬರವಣಿಗೆಯಲ್ಲಿ. ಎಲ್ಲ ಭಾರಕ್ಕೂ ಒಬ್ಬ ಹೇರಿದವನನ್ನು ಹುಡುಕುವುದು ದೋಷೈಕದೃಷ್ಟಿಯಲ್ಲವೆ ಎಂಬುದು ಇನ್ನೊಂದು. ಬರಗಾಲ, ರೋಗ, ಮುಪ್ಪು ಇವುಗಳ ಹೊರೆಯನ್ನು ಯಾರೂ ಹೇರಿದುದಲ್ಲವೆಂಬುದು ನಿಜ. ಅಲ್ಲಿ ‘ಹೊರೆ’ಯೇ ಯುಕ್ತವಾದ ಮಾತು. ಎಲ್ಲಿ ಯಾವುದು ಸಲ್ಲುತ್ತದೆಂಬುದನ್ನು ವಿಚಾರಿಸದೆ ಬರೆಯುವುದೇ ತಪ್ಪು.

ಆದುದರಿಂದ ನಮ್ಮ ಸೂಚನೆಗಳು ಇಷ್ಟೇ. ನಿಘಂಟುಕಾರರು ಈ ಎರಡು ಮಾತುಗಳಿಗೆ ‘ಭಾರ’ವೆಂಬ ಸಮಾನಾರ್ಥವನ್ನು ಕೊಟ್ಟು ನಿಲ್ಲಿಸದೆ, ಕರ್ತೃಭೇದವನ್ನೂ ಪ್ರಯೋಗಗಳೊಡನೆ ತೋರಿಸಬೇಕು. ಇತಿಹಾಸವನ್ನು ಬರೆಯುವವರು ‘ಪ್ರಜೆಗಳ ಮೇಲೆ ತೆರಿಗೆಯ ಹೊರೆ ಹೆಚ್ಚಿತು’ ಎಂದು ಬರೆಯುವ ಮುನ್ನ, ಹೆಚ್ಚಿಸಿದವರಾರು, ಯಾವ ವರ್ಷ, ಯಾವ ಆಜ್ಞೆಯಿಂದ ಎಂಬುದನ್ನು ಹೇಳಲು ಆಧಾರವಿದೆಯೇ ಎಂದು ನೋಡಬೇಕು. ಇದ್ದರೆ ‘ಹೇರಿದರು’ ಎಂದೇ ಬರೆಯಬೇಕು. ‘ಅತಿಭಾರ’ ಎಂಬ ಹಳೆಯ ಮಾತನ್ನು ಮತ್ತೆ ಬಳಕೆಗೆ ತರುವವರು ಅದರ ಜೊತೆಗಾರನಾದ ‘ನ್ಯಾಯವಾದ ಭಾರ’ವನ್ನೂ ತರಬೇಕು. ಎಷ್ಟು ಹೊರುವುದು ನ್ಯಾಯವೆಂಬುದನ್ನು ಮೊದಲು ಗೊತ್ತುಮಾಡದೆ ಎಷ್ಟು ಹೆಚ್ಚಾಯಿತೆಂದು ಹೇಳಲಾಗದು. ಅದನ್ನು ಗೊತ್ತುಮಾಡುವಾಗ ಹೊರುವವನ ಮಾತನ್ನೂ ಕೇಳಬೇಕಾಗುತ್ತದೆ.